ಶೋರೂಂನಲ್ಲಿ ಸಿಗುತ್ತಿದ್ದ ರೇಸ್ ಕಾರು: ಆಸ್ಟ್ರೇಲಿಯಾದ ಹಳೆಯ ಮಸಲ್ ಕಾರುಗಳು, ಅವುಗಳ ಬೆಲೆ

(ಮೆಲ್ಬರ್ನ್‌ನಲ್ಲಿ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

2018ರಲ್ಲಿ ಇಲ್ಲಿ ಒಂದು ಹರಾಜು ನಡೆಯಿತು. ಮಾರಾಟಕ್ಕಿದ್ದದ್ದು 1971ರ ಫೋರ್ಡ್ ಫಾಲ್ಕನ್. ನಾಲ್ಕು ಬಾಗಿಲು, ದೊಡ್ಡ ಡಿಕ್ಕಿ, ಮನೆ ಮಂದಿಯೆಲ್ಲ ಕೂತು ಹೋಗುವ ಕಾರು. ಹಿಂದೊಮ್ಮೆ ಅದು ಜೆಫ್ ಥಾಮ್ಸನ್ ಅವರ ಬಳಿ ಇತ್ತು. ಹೌದು, ಅದೇ ಥಾಮ್ಸನ್. 1977-78ರಲ್ಲಿ ನಮ್ಮ ವಿಶ್ವನಾಥ್, ಕಿರ್ಮಾನಿ ಇದೇ ನೆಲದಲ್ಲಿ ನಿಂತು ಎದುರಿಸಿದ ವೇಗದ ಬೌಲರ್. ಆ ಕಾರು 10 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಾಟಿ ಮಾರಾಟವಾಯಿತು. ಹೊಸದಿದ್ದಾಗ ಅದರ ಬೆಲೆ ಐದು ಸಾವಿರ ಡಾಲರ್ ಚಿಲ್ಲರೆ.

ಯಾಕೆ ಇಷ್ಟು ದುಡ್ಡು? ಹಳೆಯದು ಅಂತಲಾ? ಅದರಷ್ಟೇ ಹಳೆಯ ಸಾವಿರಾರು ಫಾಲ್ಕನ್‌ಗಳು ಗುಜರಿಗೆ ಹೋಗಿವೆ. ಅಪರೂಪ ಅಂತಲಾ? ಇದಕ್ಕಿಂತ ಅಪರೂಪದ ಎಷ್ಟೋ ಕಾರುಗಳನ್ನು ಕೇಳುವವರೇ ಇಲ್ಲ. ಜೋರಾಗಿ ಓಡುತ್ತೆ ಅಂತಲಾ? ಇವತ್ತಿನ ಸಾಧಾರಣ ಎಲೆಕ್ಟ್ರಿಕ್ ಕಾರು ಸಿಗ್ನಲ್‌ನಲ್ಲಿ ಅದನ್ನು ಹಿಂದೆ ಹಾಕುತ್ತದೆ. ಇಂಥವನ್ನು ಮಸಲ್ ಕಾರು ಅನ್ನುತ್ತಾರೆ, ಅಂದರೆ ಸಾಮಾನ್ಯ ಕಾರಿನ ಬಾಡಿಯಲ್ಲಿ ಭಾರೀ ಶಕ್ತಿಯ ಎಂಜಿನ್. ನಾನು ಬಹಳ ಕಾಲ ಈ ಕಾರುಗಳ ನಡುವೆ ಓಡಾಡಿದ್ದೇನೆ. ನನಗೆ ಅನ್ನಿಸುವುದು ಇಷ್ಟು: ಇಂಥ ಕಾರಿಗೆ ಕೊಡುವ ದುಡ್ಡಿನಲ್ಲಿ ತಗಡು, ಎಂಜಿನ್ನಿಗೆ ಹೋಗುವುದು ಸ್ವಲ್ಪ. ಮಿಕ್ಕಿದ್ದೆಲ್ಲ ಹೋಗುವುದು ಸಾಕ್ಷಿಗೆ. ‘ಇದು ಅದೇ ಕಾರು’ ಅನ್ನುವುದಕ್ಕೆ ಇರುವ ಸಾಕ್ಷಿಗೆ. ಆ ‘ಅದೇ’ ಅಂದರೆ ಏನು ಅಂತ ತಿಳಿಯಬೇಕಾದರೆ ಮೊದಲು ಬಾಥರ್ಸ್ಟ್‌ಗೆ ಹೋಗಬೇಕು.

ಸಿಡ್ನಿಯಿಂದ ಪಶ್ಚಿಮಕ್ಕೆ ಸುಮಾರು 200 ಕಿ.ಮೀ. ದೂರದಲ್ಲಿ ಬಾಥರ್ಸ್ಟ್ ಇದೆ. ಊರಿಗೆ ಅಂಟಿಕೊಂಡೇ ಮೌಂಟ್ ಪನೋರಮಾ ಅನ್ನುವ ಗುಡ್ಡ. ಗುಡ್ಡ ಹತ್ತಿ ಇಳಿಯುವ 6.213 ಕಿ.ಮೀ. ರಸ್ತೆಯೇ ರೇಸ್ ಟ್ರ್ಯಾಕ್. ರೇಸ್ ಇಲ್ಲದ ದಿನ ಅದು ಸಾರ್ವಜನಿಕ ರಸ್ತೆ. ಪಕ್ಕದಲ್ಲಿ ಮನೆಗಳಿವೆ, ದ್ರಾಕ್ಷಿ ತೋಟವಿದೆ, ವೇಗದ ಮಿತಿ 60 ಕಿ.ಮೀ. ನೀವೂ ನಿಮ್ಮ ಕಾರಿನಲ್ಲಿ ಒಂದು ಸುತ್ತು ಹಾಕಿ ಬರಬಹುದು. ಮೇಲಿನಿಂದ ಕೆಳಗೆ 174 ಮೀಟರ್ ಇಳಿಜಾರು. ಟೀವಿಯಲ್ಲಿ ನೋಡಿದರೆ ಅದು ಗೊತ್ತಾಗುವುದಿಲ್ಲ. ನಿಮ್ಮದೇ ಕಾರಿನ ಬ್ರೇಕ್ ಒತ್ತಿಕೊಂಡು ಇಳಿಯುವಾಗ ಗೊತ್ತಾಗುತ್ತದೆ.

ಇಲ್ಲಿ 1963ರಿಂದ 500 ಮೈಲಿಯ ರೇಸ್ ನಡೆಯತೊಡಗಿತು. ಅದಕ್ಕೂ ಮೊದಲು ಮೂರು ವರ್ಷ ನಮ್ಮ ಮೆಲ್ಬರ್ನ್ ಹತ್ತಿರದ ಫಿಲಿಪ್ ಐಲ್ಯಾಂಡ್‌ನಲ್ಲಿ ನಡೆದಿತ್ತು. ಆ ರೇಸಿನ ನಿಯಮದಲ್ಲೇ ಇಡೀ ಕಥೆ ಅಡಗಿದೆ. ಓಡುವ ಕಾರು ಶೋರೂಂನಲ್ಲಿ ಜನ ಕೊಳ್ಳುವ ಕಾರೇ ಆಗಿರಬೇಕು. ರೇಸಿಗೆ ಅಂತ ಬೇರೆ ಎಂಜಿನ್, ಬೇರೆ ಗೇರ್‌ಬಾಕ್ಸ್ ಹಾಕುವಂತಿಲ್ಲ. ಏನಾದರೂ ಹೊಸದು ಬೇಕಾದರೆ ಅದನ್ನು ಮೊದಲು ನೂರಾರು ಕಾರುಗಳಿಗೆ ಹಾಕಿ ಜನರಿಗೆ ಮಾರಬೇಕು.

ಇದರಿಂದ ಏನಾಯಿತು ನೋಡಿ. ಬೇರೆ ದೇಶಗಳಲ್ಲಿ ಕಂಪನಿಗಳು ರೇಸ್ ಕಾರನ್ನು ಗುಟ್ಟಾಗಿ ಕಟ್ಟಿ ಟ್ರ್ಯಾಕಿಗೆ ಒಯ್ಯುತ್ತಿದ್ದವು. ಇಲ್ಲಿ ಫೋರ್ಡ್, ಹೋಲ್ಡನ್, ಕ್ರೈಸ್ಲರ್ ಮೂವರೂ ರೇಸ್ ಕಾರನ್ನೇ ಕಟ್ಟಿ, ನಂಬರ್ ಪ್ಲೇಟ್ ಹಾಕಿ, ಡೀಲರ್ ಹತ್ತಿರ ನಿಲ್ಲಿಸಬೇಕಾಯಿತು. ದುಡ್ಡಿದ್ದ ಶಾಲಾ ಮೇಷ್ಟ್ರು, ಪ್ಲಂಬರ್, ಕುರಿ ಸಾಕುವ ರೈತ ಯಾರು ಬೇಕಾದರೂ ಹೋಗಿ, ಮುಂದಿನ ಅಕ್ಟೋಬರಿನಲ್ಲಿ ಗೆಲ್ಲಲಿರುವ ಕಾರನ್ನು ಮನೆಗೆ ಓಡಿಸಿಕೊಂಡು ಬರಬಹುದಿತ್ತು. ಜಗತ್ತಿನಲ್ಲಿ ಇಂಥ ಅವಕಾಶ ಸಾಮಾನ್ಯ ಜನರಿಗೆ ಸಿಕ್ಕಿದ್ದು ಬಹಳ ಕಮ್ಮಿ. ಈ ಕಾರುಗಳ ಮೇಲೆ ಇಲ್ಲಿನವರಿಗೆ ಯಾಕಿಷ್ಟು ಪ್ರೀತಿ ಅಂತ ಕೇಳಿದರೆ ನಾನು ಹೇಳುವುದು ಇದನ್ನೇ.

1968ರಲ್ಲಿ ಗೆದ್ದದ್ದು ಹೋಲ್ಡನ್ ಮೊನಾರೋ ಜಿಟಿಎಸ್ 327. ಎರಡು ಬಾಗಿಲು, ಶೆವ್ರೊಲೆ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್. ಓಡಿಸಿದ್ದು ಬ್ರೂಸ್ ಮೆಕ್‌ಫೀ. ಜೊತೆಗಾರ ಬ್ಯಾರಿ ಮುಲ್ಹಾಲೆಂಡ್ ಓಡಿಸಿದ್ದು ಒಂದೇ ಒಂದು ಸುತ್ತು. ಮರುವರ್ಷ ಮೊನಾರೋ ಜಿಟಿಎಸ್ 350 ಗೆದ್ದಿತು. ಫೋರ್ಡ್ ಸುಮ್ನೆ ಕೂರಲಿಲ್ಲ. 1969ರಲ್ಲೇ ಫಾಲ್ಕನ್ ಜಿಟಿ-ಎಚ್‌ಒ ತಂದಿತ್ತು. 1970ರಲ್ಲಿ ಅದರ ಎರಡನೇ ಹಂತ, ಫೇಸ್ ಟೂ. 1971ರಲ್ಲಿ ಫೇಸ್ ತ್ರೀ. ಈ ಎರಡೂ ವರ್ಷ ಬಾಥರ್ಸ್ಟ್ ಗೆದ್ದವರು ಅಲನ್ ಮೊಫಟ್. ಎರಡೂ ಸಲ ಒಬ್ಬರೇ, 500 ಮೈಲಿ.

1971ರ ರೇಸಿನ ಒಂದು ಚಿತ್ರ ಇಲ್ಲಿನ ಕಾರು ಪ್ರಿಯರ ಮನೆಗಳಲ್ಲಿ ಈಗಲೂ ಕಾಣುತ್ತದೆ. ಮೊಫಟ್ ಅವರ ಕಾರಿನ ಮುಂದಿನ ಗ್ರಿಲ್‌ಗೆ ಬಿಯರ್ ಡಬ್ಬಗಳ ಖಾಲಿ ರಟ್ಟಿನ ಪೆಟ್ಟಿಗೆ ಬಂದು ಅಂಟಿಕೊಂಡಿದೆ. ರೇಡಿಯೇಟರ್‌ಗೆ ಹೋಗುವ ಗಾಳಿಗೆ ಅದು ಅಡ್ಡ. ಎಂಜಿನ್ ಕಾಯ್ದು ನಿಂತೇ ಹೋಗಬಹುದಿತ್ತು. ನಿಲ್ಲಲಿಲ್ಲ. ಮೊಫಟ್ ಹಾಗೇ ಓಡಿಸಿ ಗೆದ್ದರು.

ಈ ಫೇಸ್ ತ್ರೀ ಕಾರಿನ ಹತ್ತಿರ ನಾವು ಸ್ವಲ್ಪ ಹೊತ್ತು ನಿಲ್ಲೋಣ. ಮೊದಲು ಹೇಳಿದ ಹರಾಜಿನ ಕಾರೂ ಇದೇ ಮಾದರಿ. 351 ಕ್ಯೂಬಿಕ್ ಇಂಚಿನ, ಅಂದರೆ 5.8 ಲೀಟರಿನ ಕ್ಲೀವ್‌ಲೆಂಡ್ ವಿ8. ಕಂಪನಿ ಹೇಳಿದ್ದು 300 ಅಶ್ವಶಕ್ತಿ. ಅದಕ್ಕಿಂತ ಜಾಸ್ತಿ ಇತ್ತು ಅನ್ನುವುದರಲ್ಲಿ ತಿಳಿದವರಿಗೆ ಯಾರಿಗೂ ಅನುಮಾನವಿಲ್ಲ. ಮೇಲೆ ದೊಡ್ಡ ಹೋಲಿ ಕಾರ್ಬುರೇಟರ್. ಅದಕ್ಕೆ ಗಾಳಿ ಎಳೆಯುವ ಬಾಯಿ ಬಾನೆಟ್ ಸೀಳಿಕೊಂಡು ಹೊರಗೆ ನಿಂತಿರುತ್ತದೆ. ಅದನ್ನು ಶೇಕರ್ ಅನ್ನುತ್ತಾರೆ. ಅದು ಕೂತಿರುವುದು ಎಂಜಿನ್ ಮೇಲೆ, ಬಾನೆಟ್ ಮೇಲಲ್ಲ. ಹಾಗಾಗಿ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಪಕ್ಕಕ್ಕೆ ವಾಲುತ್ತದೆ, ಆಮೇಲೆ ನಡುಗುತ್ತಾ ನಿಲ್ಲುತ್ತದೆ. ಡಿಕ್ಕಿ ತೆಗೆದರೆ ಕೆಳಗೆ 164 ಲೀಟರಿನ ಪೆಟ್ರೋಲ್ ಟ್ಯಾಂಕ್. ರೇಸಿನ ಮಧ್ಯೆ ಆದಷ್ಟು ಕಡಿಮೆ ಸಲ ನಿಲ್ಲಲಿ ಅಂತ ಮಾಡಿದ್ದು. ಆದರೆ ನಿಯಮದ ಪ್ರಕಾರ ಅದನ್ನು ಕೊಂಡವರಿಗೂ ಕೊಡಬೇಕಲ್ವಾ? ಮಕ್ಕಳನ್ನು ಸ್ಕೂಲಿಗೆ ಬಿಡುವ ಕಾರಿನಲ್ಲೂ ಅದೇ ಟ್ಯಾಂಕ್. ಗಂಟೆಗೆ ಸುಮಾರು 228 ಕಿ.ಮೀ. ವೇಗ. ನಾಲ್ಕು ಬಾಗಿಲಿನ ಕಾರುಗಳಲ್ಲಿ ಆಗ ಜಗತ್ತಿಗೇ ಮೊದಲು ಅಂತ ಹೇಳುತ್ತಿದ್ದರು. ಇಂಥವನ್ನು ಕಟ್ಟಿದ್ದು ಸುಮಾರು 300 ಮಾತ್ರ.

ಹೋಲ್ಡನ್ ದಾರಿ ಬೇರೆಯಾಗಿತ್ತು. ಅವರ ರೇಸ್ ತಂಡದ ಮುಖ್ಯಸ್ಥ ಹ್ಯಾರಿ ಫರ್ತ್ ದೊಡ್ಡ ಕಾರು ಬಿಟ್ಟು ಪುಟ್ಟ ಟೊರಾನಾ ಹಿಡಿದರು. ಟೊರಾನಾ ಜಿಟಿಆರ್ ಎಕ್ಸ್‌ಯು-1. ಆರು ಸಿಲಿಂಡರ್, 3.3 ಲೀಟರ್, ಹಗುರ. 1972ರಲ್ಲಿ ಬಾಥರ್ಸ್ಟ್‌ನಲ್ಲಿ ಮಳೆ ಬಂತು. ಒದ್ದೆ ರಸ್ತೆಯಲ್ಲಿ ಪೀಟರ್ ಬ್ರಾಕ್ ಎಂಬ ಯುವಕ ಆ ಪುಟ್ಟ ಕಾರಿನಲ್ಲಿ ದೊಡ್ಡ ಫಾಲ್ಕನ್‌ಗಳನ್ನೆಲ್ಲ ಸೋಲಿಸಿದರು. ಅವರು ಮುಂದೆ ಒಟ್ಟು ಒಂಬತ್ತು ಸಲ ಅಲ್ಲಿ ಗೆದ್ದರು. 1979ರಲ್ಲಿ ಟೊರಾನಾ ಎ9ಎಕ್ಸ್‌ನಲ್ಲಿ ಜಿಮ್ ರಿಚರ್ಡ್ಸ್ ಜೊತೆ ಆರು ಸುತ್ತಿನ ಅಂತರದಿಂದ ಗೆದ್ದರು. ಅಷ್ಟು ಮುಂದಿದ್ದವರು ಕೊನೆಯ ಸುತ್ತನ್ನು ಆರಾಮಾಗಿ ಮುಗಿಸಬಹುದಿತ್ತು. ಆ ಕೊನೆಯ ಸುತ್ತಿನಲ್ಲೇ ಲ್ಯಾಪ್ ದಾಖಲೆ ಮುರಿದರು. 2006ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ರ‍್ಯಾಲಿಯೊಂದರಲ್ಲಿ ಅವರು ತೀರಿಕೊಂಡಾಗ ಈ ದೇಶ ಅತ್ತದ್ದನ್ನು ನೋಡಿದವರು ಇಲ್ಲಿ ಕೂತಿರಬಹುದು.

ಮೂರನೆಯವರು ಕ್ರೈಸ್ಲರ್. ಅಡಿಲೇಡ್‌ನಲ್ಲಿ ಕಟ್ಟಿದ ವೇಲಿಯಂಟ್ ಚಾರ್ಜರ್. ಅದರ ಇ49 ಮಾದರಿಯಲ್ಲಿ 4.3 ಲೀಟರಿನ ಆರು ಸಿಲಿಂಡರ್, ಮೂರು ವೆಬರ್ ಕಾರ್ಬುರೇಟರ್, 302 ಅಶ್ವಶಕ್ತಿ. ಕಟ್ಟಿದ್ದು 149. ಬಾಥರ್ಸ್ಟ್ ಅದಕ್ಕೆ ಒಲಿಯಲೇ ಇಲ್ಲ. ಆದರೂ ನನ್ನ ಕಣ್ಣಿಗೆ ಆ ಕಾಲದ ಕಾರುಗಳಲ್ಲಿ ಎಲ್ಲಕ್ಕಿಂತ ಚೆಂದದ್ದು ಅದೇ. ಹಿಂದಿನಿಂದ ನೋಡಿ, ಆಮೇಲೆ ನನ್ನ ಜೊತೆ ವಾದಕ್ಕೆ ಬನ್ನಿ.

1972ರ ಜೂನ್ ಕೊನೆಯಲ್ಲಿ ಎಲ್ಲ ಒಮ್ಮೆಗೇ ನಿಂತಿತು. ಸಿಡ್ನಿಯ ಭಾನುವಾರದ ಪತ್ರಿಕೆಯೊಂದರ ಮುಖಪುಟದಲ್ಲಿ ಸುದ್ದಿ ಬಂತು: ಗಂಟೆಗೆ 160 ಮೈಲಿ ಓಡುವ ಕಾರುಗಳು ಸದ್ಯದಲ್ಲೇ ರಸ್ತೆಗೆ. ಬರೆದವರು ಇವಾನ್ ಗ್ರೀನ್. ನ್ಯೂ ಸೌತ್ ವೇಲ್ಸ್‌ನ ಸಾರಿಗೆ ಸಚಿವ ಮಿಲ್ಟನ್ ಮೋರಿಸ್ ಕೆಂಡವಾದರು. ಸರ್ಕಾರಗಳು ಈ ಕಂಪನಿಗಳ ಕಾರು ಕೊಳ್ಳುವುದನ್ನೇ ನಿಲ್ಲಿಸಬಹುದು ಅನ್ನುವ ಮಾತು ಹೊರಟಿತು. ಕೆಲವೇ ದಿನಗಳಲ್ಲಿ ಮೂರೂ ಕಂಪನಿಗಳು ಕೈ ಬಿಟ್ಟವು. ಫಾಲ್ಕನ್ ಫೇಸ್ ಫೋರ್ ನಾಲ್ಕು ಕಾರುಗಳಿಗೇ ನಿಂತಿತು. ಹೋಲ್ಡನ್ ತನ್ನ ವಿ8 ಎಕ್ಸ್‌ಯು-1 ಕಟ್ಟುವ ಯೋಜನೆ ಕೈಬಿಟ್ಟಿತು.

ಕಾರು ಪ್ರಿಯರು ಆ ಪತ್ರಿಕೆಯನ್ನೂ ಆ ಸಚಿವರನ್ನೂ ಇವತ್ತಿಗೂ ಬೈಯುತ್ತಾರೆ. ನಾನು ಬೈಯುವುದಿಲ್ಲ. 1970ರಲ್ಲಿ ಈ ದೇಶದ ರಸ್ತೆಗಳಲ್ಲಿ 3,798 ಜನ ಸತ್ತರು. ಈಗ ಜನಸಂಖ್ಯೆ ಎರಡು ಪಟ್ಟಾಗಿದ್ದರೂ ಸಾವು ಅದರ ಮೂರನೇ ಒಂದು ಭಾಗದಷ್ಟು. ಸೀಟ್‌ಬೆಲ್ಟ್ ಹಾಕಲೇಬೇಕು ಅಂತ ನಮ್ಮ ವಿಕ್ಟೋರಿಯಾ ಜಗತ್ತಿನಲ್ಲೇ ಮೊದಲು ಕಾನೂನು ಮಾಡಿದ್ದೂ 1970ರಲ್ಲೇ. ಅಂಥ ಹೊತ್ತಿನಲ್ಲಿ ಸಚಿವರಿಗೆ ಭಯವಾದರೆ ಅದು ತಪ್ಪೇನಲ್ಲ. ಆದರೆ ಆ ಭಯದಿಂದ ಇನ್ನೊಂದು ಆಯಿತು. ಆವರೆಗೆ ಕಟ್ಟಿದ್ದ ಕಾರುಗಳೇ ಕೊನೆಯವು ಎಂದಾಯಿತು. ಬೆಲೆಯ ಬೀಜ ಬಿದ್ದದ್ದು ಆ ವಾರದಲ್ಲಿ.

ಬೀಜ ಬಿದ್ದರೂ ಮೊಳಕೆ ಬರಲು ಬಹಳ ವರ್ಷ ಹಿಡಿಯಿತು. 1973ರ ತೈಲ ಬಿಕ್ಕಟ್ಟು ಬಂತು. ಪೆಟ್ರೋಲ್ ಕುಡಿಯುವ ವಿ8 ಯಾರಿಗೂ ಬೇಡವಾಯಿತು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಫೇಸ್ ತ್ರೀ ಕೂಡ ಬರೀ ಹಳೇ ಕಾರು. ಕಾಲೇಜು ಹುಡುಗರು ಕೊಂಡರು, ಮರಕ್ಕೆ ಗುದ್ದಿದರು. ಎಂಜಿನ್ ಬಿಚ್ಚಿ ದೋಣಿಗೆ ಹಾಕಿದವರೂ ಇದ್ದಾರೆ. ಮೂಲ ಎಂಜಿನ್ ಒಡೆದಾಗ ಯಾವುದೋ ಗುಜರಿ ಎಂಜಿನ್ ತಂದು ಕೂರಿಸಿದರು. ಆಗ ಅದು ತಪ್ಪು ಅಂತ ಯಾರಿಗೂ ಅನ್ನಿಸಲಿಲ್ಲ. ರಿಪೇರಿ, ಅಷ್ಟೇ. ಆ ರಿಪೇರಿಗಳ ಬೆಲೆ ಇವತ್ತು ಲಕ್ಷಗಳಲ್ಲಿ ಲೆಕ್ಕವಾಗುತ್ತಿದೆ.

1971ರಲ್ಲಿ ಶೋರೂಂ ಗಾಜಿಗೆ ಮುಖ ಒತ್ತಿ ನೋಡಿದ ಹುಡುಗರು ಐವತ್ತು ದಾಟಿದಾಗ ಕೈಯಲ್ಲಿ ದುಡ್ಡು ಬಂದಿತ್ತು. ಬೆಲೆ ಏರತೊಡಗಿತು. 2007ರ ಹೊತ್ತಿಗೆ ಒಳ್ಳೆಯ ಫೇಸ್ ತ್ರೀ ಆರು ಲಕ್ಷ ಡಾಲರ್ ದಾಟಿತ್ತು. 2008ರ ಹಣಕಾಸು ಬಿಕ್ಕಟ್ಟಿನ ನಂತರ ಧಡಾರನೆ ಬಿತ್ತು. ಸಾಲ ಮಾಡಿ ಕೊಂಡವರು ಅಳುತ್ತಾ ಮಾರಿದರು. ಆಮೇಲೆ 2016ರ ಅಕ್ಟೋಬರಿನಲ್ಲಿ ಫೋರ್ಡ್ ಇಲ್ಲಿ ಕಾರು ಕಟ್ಟುವುದನ್ನು ನಿಲ್ಲಿಸಿತು. 2017ರ ಅಕ್ಟೋಬರಿನಲ್ಲಿ ಹೋಲ್ಡನ್ ನಿಲ್ಲಿಸಿತು. ಬ್ರಾಡ್‌ಮೆಡೋಸ್, ಗಿಲಾಂಗ್, ಅಡಿಲೇಡ್ ಪಕ್ಕದ ಎಲಿಜಬೆತ್ ಮೂರೂ ಕಡೆ ಕೆಲಸ ಹೋಯಿತು. 2020ರಲ್ಲಿ ಹೋಲ್ಡನ್ ಹೆಸರನ್ನೇ ಕಂಪನಿ ಮುಚ್ಚಿತು. ಈ ದೇಶದ್ದೇ ಕಾರು ಇನ್ನು ಬರುವುದಿಲ್ಲ ಅಂತ ಗೊತ್ತಾದ ಮೇಲೆ ಬೆಲೆ ಮತ್ತೆ ಏರಿತು. ಕೋವಿಡ್ ಕಾಲದಲ್ಲಂತೂ ಹುಚ್ಚಾಗಿ ಏರಿತು. 2022ರಿಂದ ಬಡ್ಡಿ ಹೆಚ್ಚಾದಂತೆ ತಣ್ಣಗಾಯಿತು. ಈ ಏರಿಳಿತ ನೋಡಿದವರು ಯಾರೂ ‘ಇದು ಯಾವತ್ತೂ ಏರುತ್ತಲೇ ಇರುತ್ತೆ’ ಅನ್ನುವುದಿಲ್ಲ.

ಈಗ ಸಾಕ್ಷಿಯ ವಿಷಯಕ್ಕೆ ಬರೋಣ.

ನನ್ನ ಬಳಿ ಇರುವುದು ಎಕ್ಸ್‌ವೈ ಫಾಲ್ಕನ್ 500. ಅದೇ 1971ರ ಬಾಡಿ, ಅದೇ ಕಾರ್ಖಾನೆ. ಆದರೆ ಎಂಜಿನ್ 4.1 ಲೀಟರಿನ ಆರು ಸಿಲಿಂಡರ್. ಗೇರ್ ಸ್ಟಿಯರಿಂಗ್ ಕಂಬದ ಮೇಲೆ, ಮೂರೇ ಗೇರ್. ಮುಂದೆ ಉದ್ದನೆಯ ಒಂದೇ ಸೀಟು. ಆಗ ಸರ್ಕಾರಿ ನೌಕರರು, ಸೇಲ್ಸ್‌ಮನ್‌ಗಳು ಓಡಿಸಿದ ಕಾರು. ಇದಕ್ಕೆ ವಿ8 ಕೂರಿಸಿ, ಬಾನೆಟ್ ಕತ್ತರಿಸಿ ಶೇಕರ್ ಇಟ್ಟು, ಪಕ್ಕಕ್ಕೆ ಪಟ್ಟೆ ಬಳಿದರೆ ಹತ್ತು ಅಡಿ ದೂರದಿಂದ ಫೇಸ್ ತ್ರೀ ಅನ್ನಿಸುತ್ತದೆ. ಇಂಥವು ಬೇಕಾದಷ್ಟಿವೆ. ‘ರೆಪ್ಲಿಕಾ’ ಅಂತ ಹೇಳಿಯೇ ಮಾರಿದರೆ ಅದರಲ್ಲಿ ತಪ್ಪಿಲ್ಲ. ಬೆಲೆ ಅಸಲಿಗಿಂತ ಎಷ್ಟೋ ಪಟ್ಟು ಕಡಿಮೆ. ಓಡಿಸುವ ಸಂತೋಷ ಮಾತ್ರ ಅಸಲಿಯಷ್ಟೇ. ಮೋಸ ಶುರುವಾಗುವುದು ಪ್ಲೇಟ್ ಬದಲಾಯಿಸಿದಾಗ. ಗುದ್ದಿ ಹಾಳಾದ ಅಸಲಿ ಜಿಟಿಯ ಗುರುತಿನ ಪ್ಲೇಟ್ ಕಿತ್ತು, ಬಾಡಿಯ ಅಂಕಿ ಇರುವ ತಗಡು ಕತ್ತರಿಸಿ, ಇಂಥ ಸಾದಾ ಬಾಡಿಗೆ ಬೆಸೆದುಬಿಡುತ್ತಾರೆ. ಅದು ಅಪರಾಧ. ಪೊಲೀಸರು ಕಾರನ್ನೇ ಎತ್ತಿಕೊಂಡು ಹೋಗಬಹುದು. ಆಗ ಹೋಗುವುದು ಕೊಂಡವರ ದುಡ್ಡು.

ಹಾಗಾದರೆ ನೋಡುವುದು ಹೇಗೆ? ಬಾನೆಟ್ ಎತ್ತಿ. ಪ್ಲೇಟ್ ಮೇಲೆ ಅಂಕಿ ಇದೆ. ಎಂಜಿನ್ ಕೋಣೆಯ ತಗಡಿನ ಮೇಲೂ ಒತ್ತಿದ ಅಂಕಿ ಇದೆ. ಫೋರ್ಡ್ ಆದರೆ ಅದೇ ಅಂಕಿ ಎಂಜಿನ್ ಬ್ಲಾಕ್ ಮೇಲೂ ಇರಬೇಕು. ಮೂರೂ ಒಂದೇ ಇದ್ದರೆ ‘ಮ್ಯಾಚಿಂಗ್ ನಂಬರ್ಸ್’ ಅನ್ನುತ್ತಾರೆ. ಹೋಲ್ಡನ್‌ನಲ್ಲಿ ಎಂಜಿನ್ ಅಂಕಿಯದು ಬೇರೆಯೇ ಸರಣಿ. 1972ರ ಎಕ್ಸ್‌ಯು-1 ಎಂಜಿನ್ ಅಂಕಿ ಜೆಪಿ ಅನ್ನುವ ಅಕ್ಷರಗಳಿಂದ ಶುರುವಾಗುತ್ತದೆ. ಅಂಕಿ ಓದಿ ಸುಮ್ಮನಾಗಬೇಡಿ. ಟಾರ್ಚ್ ಓರೆಯಾಗಿ ಹಿಡಿದು ಅಂಕಿಯ ಸುತ್ತಲಿನ ತಗಡು ನೋಡಿ. ಉಜ್ಜಿದ ಗೆರೆ ಇದೆಯಾ? ಬೆಸುಗೆಯ ಉಬ್ಬು ಇದೆಯಾ? ಒಂದು ಅಂಕಿ ಆಳ, ಪಕ್ಕದ್ದು ತೆಳು ಆಗಿದೆಯಾ? ಪ್ಲೇಟಿನ ರಿವೆಟ್ ಹೊಸದಾಗಿ ಹೊಳೆಯುತ್ತಿದೆಯಾ? ಡಿಕ್ಕಿಯ ಮ್ಯಾಟ್ ಎತ್ತಿ ನೋಡಿ. ಹಿಂದಿನ ಮಡ್‌ಗಾರ್ಡ್ ಕೆಳಭಾಗ, ಗಾಜಿನ ಕೆಳಗೆ ನೀರು ನಿಲ್ಲುವ ತೊಟ್ಟಿ, ಬ್ಯಾಟರಿ ಕೂರುವ ಜಾಗ, ಮುಂದಿನ ಸ್ಪ್ರಿಂಗ್ ಕೂರುವ ಗೂಡು ಇಲ್ಲೆಲ್ಲ ತುಕ್ಕು ಹಿಡಿಯುತ್ತದೆ. ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. ತಗಡಿದ್ದಲ್ಲಿ ಹಿಡಿಯುತ್ತದೆ. ಪುಟ್ಟಿ ತುಂಬಿದಲ್ಲಿ ಜಾರುತ್ತದೆ.

ಆಮೇಲೆ ಕಾಗದ. ಮೊದಲ ಮಾರಾಟದ ಬಿಲ್, ಡೀಲರ್ ಕೊಟ್ಟ ಮಾಲೀಕರ ಕೈಪಿಡಿ, ಸರ್ವಿಸ್ ಪುಸ್ತಕ, ಹಳೆಯ ರಿಜಿಸ್ಟ್ರೇಷನ್ ಚೀಟಿ, ಒಬ್ಬರಾದ ಮೇಲೆ ಒಬ್ಬರಂತೆ ಮಾಲೀಕರ ಹೆಸರು. ಊರಿನಲ್ಲಿ ಜಮೀನು ಕೊಳ್ಳುವಾಗ ಪಹಣಿ, ಮೂಲ ಪತ್ರ, ಯಾರಿಂದ ಯಾರಿಗೆ ಬಂತು ಅಂತ ನೋಡುತ್ತೇವಲ್ಲ, ಹಾಗೇ. ನಡುವೆ ಹತ್ತು ವರ್ಷ ಕಾರು ಎಲ್ಲಿತ್ತು ಅಂತ ಯಾರಿಗೂ ಗೊತ್ತಿಲ್ಲದಿದ್ದರೆ ಅಲ್ಲಿ ನಿಂತು ಕೇಳಿ. 1978ರಲ್ಲಿ ಅಂಗಳದಲ್ಲಿ ನಿಂತ ಕಾರಿನ ಒಂದು ಮಾಸಿದ ಫೋಟೊ, ನಂಬರ್ ಪ್ಲೇಟ್ ಕಾಣುವಂಥದ್ದು, ಹೊಸ ಪೇಂಟಿಗಿಂತ ಜಾಸ್ತಿ ಬೆಲೆ ಬಾಳುತ್ತದೆ.

ಪೇಂಟ್ ಅಂದಾಗ ನೆನಪಾಯಿತು. ಆ ಕಾಲದ ಬಣ್ಣಗಳ ಹೆಸರೇ ಒಂದು ಖುಷಿ. ಫೋರ್ಡ್‌ನ ಯೆಲ್ಲೋ ಗ್ಲೋ, ಹೋಲ್ಡನ್‌ನ ಸ್ಟ್ರೈಕ್ ಮಿ ಪಿಂಕ್, ಕ್ರೈಸ್ಲರ್‌ನ ವಿಟಮಿನ್ ಸಿ ಅನ್ನುವ ಕಿತ್ತಳೆ. ಬಿಳಿ ಬಣ್ಣದಲ್ಲಿ ಹುಟ್ಟಿದ ಕಾರಿಗೆ ಕೆಂಪು ಬಳಿದರೆ ಬೆಲೆ ಇಳಿಯುತ್ತದೆ. ಮೂಲ ಬಣ್ಣದ ಸಂಕೇತ ಪ್ಲೇಟ್ ಮೇಲೆ ಇದೆ, ಮರೆಮಾಚಲು ಆಗುವುದಿಲ್ಲ.

ಪೂರ್ತಿ ಬಿಚ್ಚಿ ಹೊಸದರಂತೆ ಮಾಡುವುದರ ಬಗ್ಗೆ ನನಗೊಂದು ಗಟ್ಟಿ ಅಭಿಪ್ರಾಯವಿದೆ. ತುಕ್ಕು ತಿಂದು ಹೋದ ಕಾರನ್ನು ಟಿಂಕರಿಂಗ್ ಮಾಡಿ ಉಳಿಸಲೇಬೇಕು, ಬೇರೆ ದಾರಿಯಿಲ್ಲ. ಆದರೆ ಚೆನ್ನಾಗಿರುವ ಹಳೇ ಕಾರನ್ನು ಸುಮ್ನೆ ಹೊಳಪಿಗಾಗಿ ಬಿಚ್ಚುತ್ತಾರಲ್ಲ, ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕಾರ್ಖಾನೆಯ ಕೆಲಸಗಾರ ಸೀಮೆಸುಣ್ಣದಲ್ಲಿ ಬರೆದ ಗುರುತು, ಬಾಗಿಲ ಒಳಗೆ ಪೇಂಟ್ ಸರಿಯಾಗಿ ಬೀಳದ ಜಾಗ, ಸವೆದ ಪೆಡಲ್ ಇವೆಲ್ಲ ಒಂದೇ ದಿನದಲ್ಲಿ ಹೋಗಿಬಿಡುತ್ತವೆ. ಮತ್ತೆ ಎಷ್ಟು ದುಡ್ಡು ಕೊಟ್ಟರೂ ಬರುವುದಿಲ್ಲ. ಕೊಳ್ಳುವವರೂ ಈಗ ಇದನ್ನು ಅರಿಯತೊಡಗಿದ್ದಾರೆ. ಮೂಲ ಪೇಂಟ್ ಇರುವ ಕಾರಿಗೆ, ಅಲ್ಲಲ್ಲಿ ಕೆತ್ತಿ ಹೋಗಿದ್ದರೂ, ಜಾಸ್ತಿ ಕೊಡುವವರಿದ್ದಾರೆ.

ಇನ್ನು ಇಟ್ಟುಕೊಳ್ಳುವುದು. ವಿಕ್ಟೋರಿಯಾದಲ್ಲಿ 25 ವರ್ಷ ದಾಟಿದ ಕಾರಿಗೆ ಕ್ಲಬ್ ಪರ್ಮಿಟ್ ಸಿಗುತ್ತದೆ. ಮಾನ್ಯತೆ ಇರುವ ಕ್ಲಬ್ಬಿನ ಸದಸ್ಯರಾಗಿರಬೇಕು. ವರ್ಷಕ್ಕೆ 45 ದಿನ ಅಥವಾ 90 ದಿನ ಓಡಿಸಬಹುದು. ಪೂರ್ತಿ ರಿಜಿಸ್ಟ್ರೇಷನ್‌ಗಿಂತ ಬಹಳ ಅಗ್ಗ. ಓಡಿಸುವ ದಿನ, ಹೊರಡುವ ಮುಂಚೆಯೇ, ಪರ್ಮಿಟ್‌ನ ಲಾಗ್ ಪುಸ್ತಕದಲ್ಲಿ ತಾರೀಕು ಬರೆಯಬೇಕು. ಮರೆತರೆ ಆ ದಿನ ರಿಜಿಸ್ಟ್ರೇಷನ್ ಇಲ್ಲದ ಕಾರು ಓಡಿಸಿದಂತೆ. ಪೆನ್ನು ಪುಸ್ತಕದ ಜೊತೆಗೇ ಇಡಿ.

ಪೆಟ್ರೋಲ್ ಇನ್ನೊಂದು. ಸೀಸ ಬೆರೆಸಿದ ಪೆಟ್ರೋಲ್ ಇಲ್ಲಿ 2002ರ ಜನವರಿಯಿಂದ ನಿಂತಿದೆ. ಹಳೆಯ ಎಂಜಿನ್ನಿನ ವಾಲ್ವ್ ಸೀಟ್‌ಗೆ ಸೀಸವೇ ರಕ್ಷಣೆ ಕೊಡುತ್ತಿತ್ತು. ಈಗ ಹೆಡ್ ಇಳಿಸಿ ಗಟ್ಟಿ ಸೀಟ್ ಹಾಕಿಸಬೇಕು. ಇಲ್ಲವೇ ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗ ಬಾಟಲಿಯ ದ್ರಾವಣ ಬೆರೆಸಬೇಕು. ಬಳಸದೆ ತಿಂಗಳುಗಟ್ಟಲೆ ನಿಲ್ಲಿಸಿದರೆ ಕಾರು ಬೇಗ ಹಾಳಾಗುತ್ತದೆ. ರಬ್ಬರ್ ಗಟ್ಟಿಯಾಗುತ್ತದೆ, ಬ್ರೇಕ್ ಸಿಲಿಂಡರ್ ಕಚ್ಚಿಕೊಳ್ಳುತ್ತದೆ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಂಟಾಗುತ್ತದೆ. ಓಡಿಸುವುದೇ ಅದಕ್ಕೆ ಔಷಧಿ. ನನ್ನ ಫಾಲ್ಕನ್‌ಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಡ್ಯಾಂಡೆನಾಂಗ್ ಬೆಟ್ಟದಿಂದ ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಸುತ್ತೇನೆ. ಬ್ರೇಕ್ ಮೇಲೇ ನಂಬಿಕೆ ಇಟ್ಟರೆ ಅರ್ಧ ದಾರಿಯಲ್ಲಿ ಪೆಡಲ್ ಸ್ಪಂಜಿನಂತಾಗುತ್ತದೆ. ಮುಂದಿನ ಕಾರಿನಿಂದ ದೂರ ಬಿಟ್ಟು ಓಡಿಸುವುದನ್ನು ಈ ಕಾರೇ ಕಲಿಸುತ್ತದೆ.

ವಿಮೆ ಮಾಡಿಸುವಾಗ ‘ಒಪ್ಪಿದ ಮೌಲ್ಯ’ದ ಪಾಲಿಸಿಯನ್ನೇ ಕೇಳಿ. ಕಾರಿನ ಬೆಲೆ ಎಷ್ಟು ಅಂತ ನೀವೂ ಕಂಪನಿಯೂ ಮೊದಲೇ ಒಪ್ಪಿ ಬರೆದುಕೊಳ್ಳುವ ಪಾಲಿಸಿ ಅದು. ಮಾರುಕಟ್ಟೆ ಬೆಲೆಯ ಪಾಲಿಸಿಯಲ್ಲಿ ಅಪಘಾತವಾದ ಮೇಲೆ ಬೆಲೆ ಎಷ್ಟು ಅನ್ನುವ ಜಗಳ ಶುರುವಾಗುತ್ತದೆ. ಮಾರುಕಟ್ಟೆ ಏರಿದಾಗ ಒಪ್ಪಿದ ಅಂಕಿಯನ್ನೂ ತಿದ್ದಿಸಿ.

ಹರಾಜಿನ ಸುದ್ದಿ ಓದುವಾಗ ಒಂದು ಎಚ್ಚರ. ಪತ್ರಿಕೆಯಲ್ಲಿ ಬರುವ ಅಂಕಿಯಲ್ಲಿ ಹಲವು ಸಲ ಕೊಂಡವರು ಹರಾಜು ಸಂಸ್ಥೆಗೆ ಕೊಡುವ ಪ್ರೀಮಿಯಂ ಕೂಡ ಸೇರಿರುತ್ತದೆ. ಮಾರಿದವರ ಕೈಗೆ ಬರುವುದು ಕಮಿಷನ್ ಕಳೆದು ಉಳಿದದ್ದು. ಈ ಎರಡರ ನಡುವೆ ದೊಡ್ಡ ಕಂದಕ. ಕನಿಷ್ಠ ಬೆಲೆ ಮುಟ್ಟದೆ ವಾಪಸ್ ಹೋದ ಕಾರುಗಳ ಸುದ್ದಿ ಬರುವುದೇ ಇಲ್ಲ. ಬಂದ ದಾಖಲೆಗಳನ್ನಷ್ಟೇ ನೋಡಿ ನಿಮ್ಮ ಕಾರಿಗೆ ಬೆಲೆ ಕಟ್ಟಬೇಡಿ.

ಪ್ರಶ್ನೆಗಳು

ಒಬ್ಬರು ಕೇಳಿದರು: “ಸರ್, ಸೂಪರ್ ಫಂಡ್ (ಇಲ್ಲಿನ ನಿವೃತ್ತಿ ಉಳಿತಾಯ), ಮನೆ ಇದ್ದ ಹಾಗೆ ಇದನ್ನೂ ಹೂಡಿಕೆ ಅಂತ ಕೊಳ್ಳಬಹುದಾ?”

ಆಸ್ಟ್ರೇಲಿಯಾದಲ್ಲಿ ಸಾಮಾನ್ಯ ಕಾರಿನ ಮೇಲೆ ಬಂದ ಲಾಭಕ್ಕೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ. ಆ ಕಾರಣಕ್ಕೇ ಎಷ್ಟೋ ಜನ ಇತ್ತ ಬಂದರು. ಆದರೆ ನಷ್ಟವಾದರೆ ಅದನ್ನೂ ಎಲ್ಲೂ ಕಳೆಯುವ ಹಾಗಿಲ್ಲ. ಬಾಡಿಗೆ ಬರುವುದಿಲ್ಲ. ಗ್ಯಾರೇಜು, ವಿಮೆ, ಟೈರು, ರಿಪೇರಿ ಎಲ್ಲಕ್ಕೂ ಕೈಯಿಂದ ಹೋಗುತ್ತದೆ. ಇನ್ನೊಂದು ಮಾತು ಯೋಚಿಸಿ. 1971ರಲ್ಲಿ ಹುಡುಗರಾಗಿದ್ದವರಿಗೆ ಈಗ ಎಪ್ಪತ್ತರ ಹತ್ತಿರ. ಅವರ ಕಾರುಗಳು ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ. ಮುಂದಿನ ತಲೆಮಾರು 1980ರ ದಶಕದ ಹೋಲ್ಡನ್ ಕೊಮೊಡೋರ್‌ಗಳ ಕಡೆ ನೋಡುತ್ತಿದೆ. ಅದರಲ್ಲಿ ವಾಕಿನ್‌ಷಾ ಗ್ರೂಪ್ ಎ ಅನ್ನುವ ಮಾದರಿಯನ್ನು 750 ಕಟ್ಟಿದರು. ಹೊಸದಿದ್ದಾಗ ಅದು ಕೂಡಲೇ ಬಿಕರಿಯಾಗದೆ ಡೀಲರುಗಳ ಬಳಿ ಉಳಿದಿತ್ತು. ಇವತ್ತು ಅದಕ್ಕೆ ಪೈಪೋಟಿ. ಹೂಡಿಕೆಗೆ ಅಂತ ಕೊಂಡರೆ ಓಡಿಸಲು ಹೆದರುತ್ತೀರಿ. ನಾನಂತೂ ಬೇಡ ಅಂತಲೇ ಹೇಳುತ್ತೇನೆ.

ಒಬ್ಬ ಯುವತಿ ಕೇಳಿದರು: “ಇದಕ್ಕೆ ಎಲೆಕ್ಟ್ರಿಕ್ ಮೋಟರ್ ಹಾಕಿದರೆ ಆಗಲ್ವಾ ಅಂಕಲ್?”

ಎಂಜಿನ್ ಹೋಗಿ, ಅಂಕಿಗಳೂ ಹೊಂದದೆ, ಬರೀ ಬಾಡಿ ಉಳಿದಿರುವ ಕಾರಿಗೆ ಹಾಕಮ್ಮ, ನನ್ನ ತಕರಾರಿಲ್ಲ. ಗುಜರಿಗೆ ಹೋಗುವುದಕ್ಕಿಂತ ಓಡಾಡಿಕೊಂಡಿರಲಿ. ಆದರೆ ಅಂಕಿ ಹೊಂದಿದ, ಕಾಗದ ಇರುವ ಕಾರಿನಿಂದ ಎಂಜಿನ್ ಕೀಳಬೇಡ. ಆ ಎಂಜಿನ್, ಆ ಬಾಡಿ ಕಾರ್ಖಾನೆಯಿಂದ ಒಟ್ಟಿಗೆ ಹೊರಟವು. ಅಂಥ ಜೋಡಿಗಳು ಈಗ ಬಹಳ ಉಳಿದಿಲ್ಲ.

ಕೊನೆಯ ಪ್ರಶ್ನೆ ಒಬ್ಬ ಹಿರಿಯರದು: “ಮಗ ಒಂದು ಹಳೇ ಕಾರು ತಗೋತೀನಿ ಅಂತ ಹಟ ಮಾಡ್ತಿದ್ದಾನೆ. ಎಲ್ಲಿಂದ ಶುರು ಮಾಡಲಿ ಅಂತ ಹೇಳಲಿ?”

ಜಿಟಿ, ಎಕ್ಸ್‌ಯು-1 ಅಂತ ಹೋಗುವುದು ಬೇಡ ಅಂತ ಹೇಳಿ ಸರ್. ಎಚ್‌ಕ್ಯೂ ಹೋಲ್ಡನ್ ಕಿಂಗ್ಸ್‌ವುಡ್ ನೋಡಲಿ. ಎಚ್‌ಕ್ಯೂ ಕಾರುಗಳನ್ನು 4,85,000ಕ್ಕಿಂತ ಹೆಚ್ಚು ಕಟ್ಟಿದ್ದಾರೆ. ಬಿಡಿ ಭಾಗ ಸುಲಭವಾಗಿ ಸಿಗುತ್ತವೆ, ರಿಪೇರಿ ಗೊತ್ತಿರುವ ಹಳೇ ಮೆಕ್ಯಾನಿಕ್‌ಗಳೂ ಇನ್ನೂ ಇದ್ದಾರೆ. ಇಲ್ಲವೇ ನನ್ನದರಂಥ ಫಾಲ್ಕನ್ 500, ಅಥವಾ ನಾಲ್ಕು ಬಾಗಿಲಿನ ವೇಲಿಯಂಟ್. ಕೊಳ್ಳುವ ಮುಂಚೆ ಆ ಮಾದರಿಯ ಕ್ಲಬ್ ಸೇರಲಿ. ಪ್ರತಿ ಕ್ಲಬ್ಬಿನಲ್ಲೂ ಅಂಕಿಗಳನ್ನು ಕರತಲಾಮಲಕ ಮಾಡಿಕೊಂಡ ಒಬ್ಬರಾದರೂ ಇರುತ್ತಾರೆ. ಅವರನ್ನು ಕರೆದುಕೊಂಡು ಹೋಗಲಿ, ಊಟ ಕೊಡಿಸಲಿ. ಹೋಗುವ ಮೊದಲು ಮಾರುವವರಿಗೆ ಫೋನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ತಣ್ಣಗೇ ಇಡಿ ಅಂತ ಹೇಳಲಿ. ತಣ್ಣನೆಯ ಎಂಜಿನ್ ಸ್ಟಾರ್ಟ್ ಆಗುವ ಹೊತ್ತಿನಲ್ಲೇ ಹೊಗೆ, ಸದ್ದು, ಆಯಿಲ್ ಪ್ರೆಶರ್ ಎಲ್ಲ ನಿಜ ಹೇಳುತ್ತವೆ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಲಿ. ಬೆಚ್ಚಗಿದ್ದರೆ ಟೀ ಕುಡಿದು ಬಂದುಬಿಡಲಿ, ಇನ್ನೊಂದು ದಿನ ಹೋದರಾಯಿತು.